ಜೆರಾಕ್ಸ್ ಅಂಗಡಿಯವನ ತಪ್ಪೇನು?

2022ರ ನವೆಂಬರ್ 7. ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ‘ಕೆಜಿಎಫ್ ಚಾಪ್ಟರ್ 2’ರ ಹಾಡನ್ನು ತಮ್ಮನ್ನು ಕೇಳದೆ ಬಳಸಿದ್ದಾರೆಂದು ಎಂಆರ್‌ಟಿ ಮ್ಯೂಸಿಕ್ ಕೊಟ್ಟ ದೂರಿನ ಮೇಲೆ, ಕಾಂಗ್ರೆಸ್ಸಿನ ಹಾಗೂ ಯಾತ್ರೆಯ ಖಾತೆಗಳೆರಡನ್ನೂ ತಡೆಹಿಡಿಯುವಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಟ್ವಿಟರ್‌ಗೆ ಆದೇಶಿಸಿತು. ಮರುದಿನವೇ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಕರಾರಿರುವ ತುಣುಕುಗಳನ್ನಷ್ಟೇ ತೆಗೆಯಿರಿ ಎಂಬ ಷರತ್ತು ಹಾಕಿತು. ಒಂದು ಹಾಡಿನ ಜಗಳಕ್ಕೆ ಇಡೀ ಮನೆಗೆ ಬೀಗವೇ ಎಂದು ಆಗ ಹುಬ್ಬೇರಿಸಿದವರು ಬಹಳ.

ದೊಡ್ಡ ಪಕ್ಷ, ದೊಡ್ಡ ವಕೀಲರು. ಬೀಗ ಒಂದೇ ದಿನಕ್ಕೆ ತೆರೆಯಿತು. ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗರಿಗೆ ಇಂಥ ಬೀಗ ಮಾಮೂಲು. ಹಕ್ಕುಸ್ವಾಮ್ಯದ ದೂರಿಗೆ ವಿಡಿಯೊ ಹೋದರೆ ‘ಸ್ಟ್ರೈಕ್ ಬಿತ್ತು’ ಅನ್ನುತ್ತಾರೆ, ಸಿಡಿಲು ಬಿತ್ತು ಅನ್ನುವ ಹಾಗೆ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲಿಗೇ ಸಂಚಕಾರ. ಬೀಳುವ ಮುನ್ನ ವಾದವಿಲ್ಲ, ವಕಾಲತ್ತಿಲ್ಲ. ಈ ಬೀಗ ಎರಕಗೊಂಡದ್ದು ಅಮೆರಿಕದಲ್ಲಿ, ಯೂಟ್ಯೂಬ್ ಹುಟ್ಟುವುದಕ್ಕೂ ಮೊದಲು.

ಫ್ಲೋರಿಡಾದಲ್ಲಿ ಒಬ್ಬಾತ ಕಂಪ್ಯೂಟರ್ ಬುಲೆಟಿನ್ ಬೋರ್ಡ್ ಇಟ್ಟುಕೊಂಡಿದ್ದ. ಚಂದಾದಾರರು ಟೆಲಿಫೋನ್ ತಂತಿಯ ಮೇಲೆ ಅದಕ್ಕೆ ಚಿತ್ರ ಏರಿಸುತ್ತಿದ್ದರು, ಇಳಿಸಿಕೊಳ್ಳುತ್ತಿದ್ದರು. ಅವುಗಳಲ್ಲಿ 170 ಚಿತ್ರಗಳು ಪ್ಲೇಬಾಯ್ ಪತ್ರಿಕೆಯವು. ‘ಹಾಕಿದ್ದು ನಾನಲ್ಲ, ಗೊತ್ತಾದ ಕೂಡಲೇ ತೆಗೆದೆ’ ಎಂದು ಆತ ಹೇಳಿದ. 1993ರಲ್ಲಿ ನ್ಯಾಯಾಲಯ ಆ ಮಾತನ್ನು ಒಪ್ಪಲಿಲ್ಲ. ಹಕ್ಕುಸ್ವಾಮ್ಯ ಮುರಿಯಲು ದುರುದ್ದೇಶ ಇರಲೇಬೇಕೆಂದಿಲ್ಲ, ನಿನ್ನ ಬೋರ್ಡಿನಲ್ಲಿ ಸಿಕ್ಕಿತಲ್ಲ, ಸಾಕು ಎಂದಿತು.

ಎರಡೇ ವರ್ಷಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಗಾಳಿ ತಿರುಗಿತು. ಸೈಂಟಾಲಜಿ ಪಂಥವನ್ನು ಬಿಟ್ಟುಬಂದವನೊಬ್ಬ ಆ ಪಂಥದ ಬರಹಗಳನ್ನು ಅಂತರ್ಜಾಲಕ್ಕೆ ಹಾಕಿದ್ದ. ಪಂಥದವರು ಅವನ ಜೊತೆಗೆ, ಸಂಪರ್ಕ ಒದಗಿಸಿದ್ದ ನೆಟ್‌ಕಾಮ್ ಕಂಪನಿಯನ್ನೂ ಕೋರ್ಟಿಗೆ ಎಳೆದರು. ನ್ಯಾಯಾಧೀಶ ರೊನಾಲ್ಡ್ ವೈಟ್ ಕೊಟ್ಟ ಹೋಲಿಕೆ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು: ಇದು ನಕಲು ಯಂತ್ರವನ್ನು ಸಾರ್ವಜನಿಕರ ಕೈಗೆ ಬಿಟ್ಟವನ ಸ್ಥಿತಿ. ಅಂದರೆ ನಮ್ಮ ಕಾಲೇಜು ರಸ್ತೆಯ ಜೆರಾಕ್ಸ್ ಅಂಗಡಿ. ಗಿರಾಕಿ ಯಾವ ಪುಸ್ತಕ ತಂದನೆಂದು ಯಂತ್ರಕ್ಕೇನು ಗೊತ್ತು? ಆದರೆ ಇಂಥ ಪುಟ ನಮ್ಮದು ಎಂದು ಹಕ್ಕುದಾರ ಬಂದು ಹೇಳಿದ ಮೇಲೂ ಸುಮ್ಮನಿದ್ದರೆ ಹೊಣೆಗಾರಿಕೆಯ ಪ್ರಶ್ನೆ ಏಳುತ್ತದೆ ಎಂದೂ ಅದೇ ತೀರ್ಪು ಹೇಳಿತು.

1998ರ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾಯ್ದೆಯ 512ನೇ ಸೆಕ್ಷನ್ನಿನ ತಿರುಳು ಇದೇ. ಅದನ್ನೇ ‘ಸೇಫ್ ಹಾರ್ಬರ್’ ಅನ್ನುವುದು. ನೋಟಿಸ್ ಬಂದ ಕೂಡಲೇ ತೆಗೆದರೆ ಕಂಪನಿ ಬಚಾವ್. ಹಾಕಿದವನು ಪ್ರತಿ-ನೋಟಿಸ್ ಕೊಟ್ಟು, ದೂರುದಾರ ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಮರಳಿ ಹಾಕಬೇಕು. ಒಂದು ಕಡೆ ಟೆಲಿಫೋನ್ ಮತ್ತು ಇಂಟರ್ನೆಟ್ ಕಂಪನಿಗಳು, ಇನ್ನೊಂದು ಕಡೆ ಹಾಲಿವುಡ್ ಮತ್ತು ಸಂಗೀತ ಕಂಪನಿಗಳು ಹಗ್ಗಜಗ್ಗಾಡಿ ಮಾಡಿಕೊಂಡ ರಾಜಿ ಅದು. ವಿಡಿಯೊ ಹಾಕುವವರ ಪರ ಆ ಮೇಜಿನ ಮುಂದೆ ಗಟ್ಟಿಯಾಗಿ ಕೂತವರು ಕಡಿಮೆ ಎಂದೇ ನನ್ನ ಎಣಿಕೆ. ಕಾಯ್ದೆ ಓದಿದರೆ ಅದು ತಿಳಿಯುತ್ತದೆ.

ಅದರ ರುಚಿ ಕಂಡದ್ದು 2007ರಲ್ಲಿ. ಪೆನ್ಸಿಲ್ವೇನಿಯಾದ ಒಂದು ಅಡುಗೆಮನೆ. ಆಗಷ್ಟೇ ಹೆಜ್ಜೆಯಿಡಲು ಕಲಿತ ಮಗು ತಳ್ಳುಗಾಡಿ ಹಿಡಿದು ಕುಣಿಯುತ್ತಿದೆ, ಹಿನ್ನೆಲೆಯಲ್ಲಿ ಪ್ರಿನ್ಸ್‌ನ ಹಾಡು ಗದ್ದಲದ ನಡುವೆ ಅರ್ಧಂಬರ್ಧ ಕೇಳುತ್ತಿದೆ. ಒಟ್ಟು 29 ಸೆಕೆಂಡು. ಬಂಧುಗಳು ನೋಡಲಿ ಎಂದು ತಾಯಿ ಯೂಟ್ಯೂಬಿಗೆ ಹಾಕಿದಳು. ಯೂನಿವರ್ಸಲ್ ಮ್ಯೂಸಿಕ್ ತೆಗೆಸಿತು. ಪ್ರತಿ-ನೋಟಿಸ್ ಕೊಟ್ಟ ಮೇಲೆ ವಿಡಿಯೊ ಕೆಲವು ವಾರಗಳಲ್ಲಿ ಮರಳಿತು. ಆಕೆ ಅಷ್ಟಕ್ಕೆ ಬಿಡದೆ ದಾವೆ ಹೂಡಿದಳು. ನೋಟಿಸ್ ಕಳಿಸುವ ಮುನ್ನ ಅದು ನ್ಯಾಯಯುತ ಬಳಕೆಯೋ ಅಲ್ಲವೋ ಎಂದು ಹಕ್ಕುದಾರ ಯೋಚಿಸಲೇಬೇಕು ಎಂಬ ಮಾತು ಮೇಲ್ಮನವಿ ನ್ಯಾಯಾಲಯದಿಂದ ಬರುವಷ್ಟರಲ್ಲಿ 2015 ಆಗಿತ್ತು. ರಾಜಿಯಾದದ್ದು 2018ರಲ್ಲಿ. ಅಷ್ಟರಲ್ಲಿ ಕುಣಿದ ಕೂಸು ಹೈಸ್ಕೂಲು ವಯಸ್ಸಿಗೆ ಹತ್ತಿರ.

ಹಕ್ಕುದಾರರ ಸಂಕಟವೂ ಸುಳ್ಳಲ್ಲ. ಇವತ್ತು ತೆಗೆಸಿದ ಹಾಡು ನಾಳೆ ಬೇರೆ ಹೆಸರಲ್ಲಿ ಏಳುತ್ತದೆ. ತೆಗೆಸುವುದು ಪಾರ್ಥೇನಿಯಂ ಕಿತ್ತ ಹಾಗೆ. ಅಮೆರಿಕದ ಕಾಪಿರೈಟ್ ಕಚೇರಿಯೇ 2020ರ ಮೇ ವರದಿಯಲ್ಲಿ ತಕ್ಕಡಿ ವಾಲಿದೆ, ಅದೂ ಹಕ್ಕುದಾರರಿಗೆ ವಿರುದ್ಧವಾಗಿ, ಎಂದು ಬರೆಯಿತು. ಯುರೋಪ್ 2019ರ ನಿರ್ದೇಶನದ 17ನೇ ವಿಧಿಯಲ್ಲಿ ದೊಡ್ಡ ವೇದಿಕೆಗಳ ಮೇಲೇ ಹೊರೆ ಹಾಕಿತು.

ನಮ್ಮಲ್ಲಿ ದಾರಿ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ಆಸರೆ ಕೊಟ್ಟರೆ, 81ನೇ ಸೆಕ್ಷನ್ ಹಕ್ಕುಸ್ವಾಮ್ಯದ ಹಕ್ಕುಗಳಿಗೆ ಅಡ್ಡಿಯಿಲ್ಲ ಎನ್ನುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡದ್ದು ಮೈಸ್ಪೇಸ್ ಜಾಲತಾಣ. ಟಿ-ಸೀರೀಸ್ ಎಂದೇ ಹೆಸರಾದ ಸೂಪರ್ ಕ್ಯಾಸೆಟ್ಸ್ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2011ರಲ್ಲಿ ಏಕಸದಸ್ಯ ಪೀಠ ಮೈಸ್ಪೇಸ್ ವಿರುದ್ಧ ನಿಂತಿತು. 2016ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ಅವರಿದ್ದ ವಿಭಾಗೀಯ ಪೀಠ ಎರಡೂ ಸೆಕ್ಷನ್ನುಗಳನ್ನು ಕೂಡಿಸಿ ಓದಿತು. ನಮ್ಮ ಹಾಡುಗಳ ಪಟ್ಟಿ ಇಗೋ, ನೀವೇ ಹುಡುಕಿ ಎಂದರೆ ಸಾಲದು; ಯಾವ ಹಾಡು, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು.

ಅದಕ್ಕೂ ಮೊದಲೇ ನಮ್ಮ ಸಂಸತ್ತು ಸದ್ದಿಲ್ಲದೆ ಒಂದು ಒಳ್ಳೆಯ ಕೆಲಸ ಮಾಡಿತ್ತು. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿಗೆ, 2013ರ ನಿಯಮಾವಳಿಯಲ್ಲಿ 75ನೇ ನಿಯಮಕ್ಕೆ ಸೇರಿದ ಕಟ್ಟಳೆ ಅದು. ಲಿಖಿತ ದೂರು ಬಂದರೆ 36 ಗಂಟೆಯೊಳಗೆ ತಡೆಯಬೇಕು, ಏಕೆ ತಡೆದಿದ್ದೇವೆಂದು ನೋಡಬಂದವರಿಗೆ ತಿಳಿಸಬೇಕು. ದೂರುದಾರ 21 ದಿನದೊಳಗೆ ಕೋರ್ಟಿನ ಆದೇಶ ತರುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ತರದಿದ್ದರೆ ಮರಳಿ ತೆರೆಯಬಹುದು. ಅಮೆರಿಕದಲ್ಲಿ ಏಟು ತಿಂದವನೇ ಮೊದಲು ಎದ್ದು ಬಾಯಿಬಿಡಬೇಕು. ಇಲ್ಲಿ ಏಟು ಕೊಟ್ಟವನು ಕೋರ್ಟಿನ ಮೆಟ್ಟಿಲು ಹತ್ತಬೇಕು. ಆದರೆ ಕಟ್ಟಳೆ ಹೇಳುವುದು ತಾತ್ಕಾಲಿಕ, ಪ್ರಾಸಂಗಿಕ ಶೇಖರಣೆಯ ಬಗ್ಗೆ. ವರ್ಷಗಟ್ಟಲೆ ಕೂತಿರುವ ವಿಡಿಯೊ ಆ ಮಾತಿನೊಳಗೆ ಬರುತ್ತದೆಯೇ ಎಂದು ವಾದಿಸಲು ಜಾಗವಿದೆ. ಸುಧಾರಣೆ ಎಂದರೆ ಮೊದಲು ಆ ಎರಡು ಪದಗಳನ್ನು ಬಿಡಿಸಬೇಕು ಅನ್ನುತ್ತೇನೆ ನಾನು.

ಸದ್ಯಕ್ಕಂತೂ ಬೈಂದೂರಿನಲ್ಲೋ ಬಾಗಲಕೋಟೆಯಲ್ಲೋ ಕೂತ ಹುಡುಗನ ಮುಂದೆ ತೆರೆದುಕೊಳ್ಳುವುದು 75ನೇ ನಿಯಮವಲ್ಲ, ಯೂಟ್ಯೂಬಿನ ಪ್ರತಿ-ನೋಟಿಸ್ ನಮೂನೆ. ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಅವು ದೂರು ಕೊಟ್ಟವನ ಕೈ ಸೇರುತ್ತವೆ. ಕೆಳಗೆ ಒಂದು ಒಪ್ಪಿಗೆಯೂ ಇದೆ: ಅಮೆರಿಕದ ಹೊರಗಿನವರು ಯೂಟ್ಯೂಬ್ ನೆಲೆಸಿರುವ ಜಿಲ್ಲೆಯ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ತಲೆಬಾಗಬೇಕು. ಆ ಜಿಲ್ಲೆಯ ಹೆಸರು ಉತ್ತರ ಕ್ಯಾಲಿಫೋರ್ನಿಯಾ. 1995ರಲ್ಲಿ ವೈಟ್ ಅವರು ನಕಲು ಯಂತ್ರದ ಮಾತಾಡಿದ್ದು ಅಲ್ಲೇ. ಹುಡುಗ ಒಮ್ಮೆ ಓದುತ್ತಾನೆ, ಇನ್ನೊಮ್ಮೆ ಓದುತ್ತಾನೆ, ಆಮೇಲೆ ಪುಟ ಮುಚ್ಚಿ ವಿಡಿಯೊವನ್ನು ತಾನೇ ಅಳಿಸುತ್ತಾನೆ.