ಶಸ್ತ್ರಚಿಕಿತ್ಸೆಯ ಬಳಿಕ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು

ಕ್ಯಾನ್ಸರ್ ಗಡ್ಡೆಯ ಶಸ್ತ್ರಚಿಕಿತ್ಸೆ ಚೆನ್ನಾಗಿ ಮುಗಿಯಿತು ಎಂದು ವೈದ್ಯರು ಹೇಳಿದಾಗ ಮನೆಯವರೆಲ್ಲ 'ಅಲ್‌ಹಮ್ದುಲಿಲ್ಲಾಹ್' ಎಂದು ನೆಮ್ಮದಿಪಡುತ್ತಾರೆ. ಆದರೆ ಮುಂದಿನ ಕೆಲವು ವಾರ ಇನ್ನೊಂದು ಎಚ್ಚರ ಬೇಕು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಹೀಗೇಕಾಗುತ್ತದೆ?

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮುಖ್ಯವಾಗಿ ಮೂರು ಕಾರಣಗಳಿವೆ. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು ಮತ್ತು ರಕ್ತದಲ್ಲಿ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಶಸ್ತ್ರಚಿಕಿತ್ಸೆಯಾದ ಕ್ಯಾನ್ಸರ್ ರೋಗಿಯಲ್ಲಿ ಈ ಮೂರೂ ಒಟ್ಟಿಗೆ ಇರಬಹುದು. ನಾವು ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿಯೇ ಇದ್ದರೆ ಈ ಪಂಪ್ ನಿಂತುಹೋಗುತ್ತದೆ.

ವಿದ್ಯುತ್ ಪ್ರಚೋದನೆ ಎಂದರೇನು?

ಚೀನಾದ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಅಕ್ಯುಪಂಕ್ಚರ್ ಬಿಂದುಗಳಿಗೆ ಸೌಮ್ಯ ವಿದ್ಯುತ್ ಕೊಡುವ ವಿಧಾನವನ್ನು ಪರೀಕ್ಷಿಸುತ್ತಿದ್ದಾರೆ. ಇಲ್ಲಿ ಸೂಜಿ ಚುಚ್ಚುವುದಿಲ್ಲ. ಇಸಿಜಿ ತೆಗೆಯುವಾಗ ಹಚ್ಚುವಂತಹ ಅಂಟುಪಟ್ಟಿಗಳನ್ನು ಚರ್ಮದ ಮೇಲೆ ಅಂಟಿಸಿ, ಸಣ್ಣ ಯಂತ್ರದಿಂದ ವಿದ್ಯುತ್ ಹಾಯಿಸುತ್ತಾರೆ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಹೊರಬದಿಯಲ್ಲಿರುವ 'ಝುಸಾನ್‌ಲಿ' ಮತ್ತು ಒಳಗಣಕಾಲಿನಿಂದ ನಾಲ್ಕು ಬೆರಳು ಮೇಲಿರುವ 'ಸಾನ್‌ಯಿನ್‌ಜಿಯಾವೊ' ಕಾಲಿನಲ್ಲಿ ಹೆಚ್ಚಾಗಿ ಬಳಸುವ ಬಿಂದುಗಳು. ವಿದ್ಯುತ್ತಿನಿಂದ ಸ್ನಾಯು ಮೆಲ್ಲಗೆ ಮಿಡಿದು ರಕ್ತದ ಹರಿವಿಗೆ ನೆರವಾಗಬಹುದು ಎಂಬುದು ಇದರ ಹಿಂದಿನ ತರ್ಕ. ನೋವು, ವಾಕರಿಕೆ ಕಡಿಮೆಯಾದರೆ ರೋಗಿ ಬೇಗ ಎದ್ದು ನಡೆಯಬಹುದು ಎಂಬ ನಿರೀಕ್ಷೆಯೂ ಇದೆ.

ಆದರೆ ಇದು ನೆರವಿನ ಚಿಕಿತ್ಸೆ ಮಾತ್ರ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗೆ ಬದಲಿಯಲ್ಲ. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ, ಗಾಯವಿರುವ ಚರ್ಮದ ಮೇಲೆ, ಈಗಾಗಲೇ ಹೆಪ್ಪುಗಟ್ಟಿದ ಕಾಲಿಗೆ ಇದನ್ನು ಬಳಸಬಾರದು. ಅಂಗಡಿಯಿಂದ ಯಂತ್ರ ತಂದು ಮನೆಯಲ್ಲೇ ಪ್ರಯೋಗ ಮಾಡಬೇಡಿ.

ಚುಚ್ಚುಮದ್ದು ನಿಲ್ಲಿಸಬೇಡಿ

ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಎನೊಕ್ಸಪಾರಿನ್ ಚುಚ್ಚುಮದ್ದನ್ನು ಸುಮಾರು 1 ವಾರ ಪಡೆದವರಲ್ಲಿ 12 ಶೇಕಡಾ ಮಂದಿಗೆ ರಕ್ತ ಹೆಪ್ಪುಗಟ್ಟಿತ್ತು. 4 ವಾರ ಪಡೆದವರಲ್ಲಿ ಇದು 4.8 ಶೇಕಡಾಕ್ಕೆ ಇಳಿದಿತ್ತು. ಆದ್ದರಿಂದಲೇ ಇಂಥ ಅನೇಕ ರೋಗಿಗಳಿಗೆ ಮನೆಗೆ ಹೋದ ಮೇಲೂ ಚುಚ್ಚುಮದ್ದು ಮುಂದುವರಿಸಲು ಹೇಳುತ್ತಾರೆ.

ಹೆಪಾರಿನ್, ಎನೊಕ್ಸಪಾರಿನ್‌ಗಳನ್ನು ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ. ಇದನ್ನು ತಿಳಿದು ಕೆಲವರು ಯಾರಿಗೂ ಹೇಳದೆ ಔಷಧಿ ನಿಲ್ಲಿಸಿಬಿಡುತ್ತಾರೆ. ಇದು ದೊಡ್ಡ ತಪ್ಪು. ನಿಮ್ಮ ಕಳವಳವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಫೊಂಡಪ್ಯಾರಿನಕ್ಸ್ ಎಂಬ ಚುಚ್ಚುಮದ್ದನ್ನು ಪ್ರಾಣಿಮೂಲವಿಲ್ಲದೆ ತಯಾರಿಸುತ್ತಾರೆ. ಆದರೆ ಮೂತ್ರಪಿಂಡ ದುರ್ಬಲವಾಗಿರುವ ಎಲ್ಲರಿಗೂ ಅದು ಹೊಂದುವುದಿಲ್ಲ. ಬೇರೆ ದಾರಿ ಇಲ್ಲದಿದ್ದಾಗ ಜೀವರಕ್ಷಣೆಗಾಗಿ ಇಂಥ ಔಷಧಿ ಬಳಸಲು ಶರೀಅತ್ತಿನಲ್ಲಿ ರಿಯಾಯಿತಿ ಇದೆ ಎಂದು ವಿದ್ವಾಂಸರು ಹೇಳಿದ್ದಾರೆ. ಸಂಶಯವಿದ್ದರೆ ನೀವು ನಂಬುವ ಉಲಮಾಗಳಲ್ಲಿ ಕೇಳಿ. ಉತ್ತರ ಸಿಗುವವರೆಗೆ ಔಷಧಿ ಬಿಡಬೇಡಿ.

ಮನೆಯವರ ಗಮನಕ್ಕೆ

ವೈದ್ಯರು ಅನುಮತಿ ಕೊಟ್ಟ ದಿನದಿಂದಲೇ ರೋಗಿಯನ್ನು ಕೈಹಿಡಿದು ನಡೆಸಿ. 'ಪಾಪ, ಮಲಗಿರಲಿ' ಎಂಬ ಕನಿಕರ ಇಲ್ಲಿ ಒಳ್ಳೆಯದಲ್ಲ. ಮಲಗಿ ಅಥವಾ ಕುಳಿತು ನಮಾಝ್ ಮಾಡುವವರು ಪ್ರತಿ ನಮಾಝಿನ ಬಳಿಕ ಪಾದಗಳನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ. ಹೀಗೆ ದಿನಕ್ಕೆ ಐದು ಬಾರಿಯಾದರೂ ಮರೆಯದೆ ವ್ಯಾಯಾಮವಾಗುತ್ತದೆ.

ಒಂದು ಕಾಲು ಮಾತ್ರ ಊದಿಕೊಂಡರೆ, ಮೀನಖಂಡ ನೋವಾದರೆ, ಬಿಸಿಯಾಗಿ ಕೆಂಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಹೆಪ್ಪು ಕಳಚಿಕೊಳ್ಳಬಹುದು. ಮಹಿಳೆಯರು ಸಂಕೋಚದಿಂದ ಕಾಲಿನ ಊತವನ್ನು ಮುಚ್ಚಿಡಬಾರದು. ಒಮ್ಮೆಲೇ ಉಸಿರು ಕಟ್ಟಿದಂತಾದರೆ, ಎದೆನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ.