ಮಣಿಕಟ್ಟಿನ ಪಟ್ಟಿಯನ್ನು ಒರೆಗೆ ಹಚ್ಚುವುದು

ಗಣಕವು ಮೇಜನ್ನು ಬಿಟ್ಟು ಗೋಡೆ, ಬಟ್ಟೆ, ಕೈಗಡಿಯಾರಗಳೊಳಗೆ ಸೇರಿ, ಗಮನಕ್ಕೆ ಬಾರದಂತೆ ಕೆಲಸ ಮಾಡುವುದೇ ಸರ್ವವ್ಯಾಪಿ ಗಣನೆ. ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್ 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಇಂದು ಅದರ ಚಿರಪರಿಚಿತ ರೂಪವೆಂದರೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ. ಅದರೊಳಗಿನ ಆಕ್ಸೆಲೆರೊಮೀಟರ್ ಕೈಯ ಚಲನೆಯನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತದೆ. ತಂತ್ರಾಂಶವು ಆ ಅಂಕಿಗಳನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಇದು ನಡಿಗೆ, ಇದು ಓಟ, ಇದು ಬಿದ್ದದ್ದು ಎಂದು ಗುರುತಿಸುತ್ತದೆ.

ಈ ಗುರುತಿಸುವಿಕೆ ಎಷ್ಟು ಸರಿ ಎಂದು ತಿಳಿಯುವುದು ಯಂತ್ರ ಕಟ್ಟುವುದಕ್ಕಿಂತಲೂ ಕಷ್ಟ. ಒಬ್ಬರ ನಡಿಗೆಯ ಅಕ್ಕಪಕ್ಕದ ತುಣುಕುಗಳು ಬಹುಪಾಲು ಒಂದೇ ತೆರನಾಗಿರುತ್ತವೆ. ಅವುಗಳಲ್ಲಿ ಕೆಲವನ್ನು ಕಲಿಕೆಗೂ ಉಳಿದವನ್ನು ಪರೀಕ್ಷೆಗೂ ಹಂಚಿದರೆ, ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದಂತಾಗುತ್ತದೆ. ಅಂಕವೇನೋ ಹೆಚ್ಚು ಬರುತ್ತದೆ, ಹೊಸಬರ ಕೈಗೆ ಕಟ್ಟಿದಾಗ ಯಂತ್ರ ತಡವರಿಸುತ್ತದೆ. ಎಂಐಟಿಯ ಲಿಂಗ್ ಬಾವೊ ಮತ್ತು ಸ್ಟೀಫನ್ ಇಂಟಿಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಇಂದಿಗೂ ಮಾದರಿ. 20 ಜನರ ಮೈಮೇಲೆ ಐದೈದು ಸಂವೇದಕಗಳನ್ನು ಕಟ್ಟಿ, ಸಂಶೋಧಕರ ಕಣ್ಗಾವಲಿಲ್ಲದೆ ಅವರಿಂದ 20 ಬಗೆಯ ಚಟುವಟಿಕೆಗಳನ್ನು ಮಾಡಿಸಲಾಯಿತು. 19 ಜನರಿಂದ ಕಲಿತ ತಂತ್ರಾಂಶವನ್ನು ಇಪ್ಪತ್ತನೆಯವರ ಮೇಲೆ ಪರೀಕ್ಷಿಸುತ್ತ, ಹೀಗೆ ಪ್ರತಿಯೊಬ್ಬರಿಗೂ ಸರದಿ ಬರುವಂತೆ ಮಾಡಿದಾಗ ಸಿಕ್ಕ ನಿಖರತೆ ಶೇ. 84. ಅದು ಪ್ರಾಮಾಣಿಕವಾಗಿ ಗಳಿಸಿದ ಅಂಕ.

ಶೇಕಡಾವಾರು ಅಂಕಿಯೂ ದಾರಿ ತಪ್ಪಿಸಬಲ್ಲದು. ವೃದ್ಧರು ಬಿದ್ದರೆ ಎಚ್ಚರಿಸುವ ಪಟ್ಟಿ 10 ಸೆಕೆಂಡಿಗೊಮ್ಮೆ ತೀರ್ಮಾನಿಸುತ್ತದೆ ಎಂದುಕೊಳ್ಳೋಣ. ದಿನಕ್ಕೆ 8,640 ತೀರ್ಮಾನಗಳಾದವು. ಬೀಳದಿದ್ದಾಗ ಶೇ. 99.9ರಷ್ಟು ಸರಿಯಾಗಿ ಹೇಳಿದರೂ ದಿನಕ್ಕೆ ಎಂಟೊಂಬತ್ತು ಸುಳ್ಳು ಕರೆಗಳು! ವಾರ ಕಳೆಯುವುದರೊಳಗೆ ಮನೆಯವರು ಅದನ್ನು ಬಿಚ್ಚಿಡುತ್ತಾರೆ. ಹಾಗಾಗಿ ದಿನಕ್ಕೆಷ್ಟು ಸುಳ್ಳು ಎಚ್ಚರಿಕೆ, ನಿಜವಾಗಿ ಬಿದ್ದದ್ದರಲ್ಲಿ ಎಷ್ಟು ತಪ್ಪಿಹೋಯಿತು ಎಂಬ ಎರಡನ್ನೂ ಬೇರೆಬೇರೆಯಾಗಿ ವರದಿ ಮಾಡಲೇಬೇಕು.

ಅಳತೆ ಸರಿಯಿದ್ದ ಮಾತ್ರಕ್ಕೆ ಬಳಸುವವರಿಗೆ ಪ್ರಯೋಜನವಾಗುತ್ತದೆಂದೂ ಹೇಳಲಾಗದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 471 ಯುವಜನರನ್ನು ಎರಡು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಿ, 24 ತಿಂಗಳು ಗಮನಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿಗೆ ಪಥ್ಯ, ವ್ಯಾಯಾಮ, ಸಲಹೆ ಸಿಕ್ಕವು. ಆರು ತಿಂಗಳ ಬಳಿಕ ಒಂದಕ್ಕೆ ಮಾತ್ರ ಚಲನೆ ಅಳೆಯುವ ಸಾಧನವನ್ನು ಕೊಡಲಾಯಿತು. ಸಾಧನ ತೊಟ್ಟವರ ತೂಕ ಸರಾಸರಿ 3.5 ಕಿಲೋ ಇಳಿದರೆ, ತೊಡದವರದು 5.9 ಕಿಲೋ ಇಳಿದಿತ್ತು. ಹೋಲಿಕೆಗೆ ಎರಡನೆಯ ಗುಂಪು ಇರದಿದ್ದರೆ ಆ 3.5 ಕಿಲೋ ಸಾಧನದ ಯಶಸ್ಸೆಂದೇ ದಾಖಲಾಗುತ್ತಿತ್ತು.