ನಿಮ್ಮ ವೈಫೈ, ಬೇರೆಯವರ ಕೆಲಸ

"ಪಕ್ಕದವರು ನಮ್ಮ ವೈಫೈ ಬಳಸಿದ್ರೆ ಸ್ಪೀಡ್ ಸ್ವಲ್ಪ ಕಮ್ಮಿ ಆಗತ್ತೆ, ಅಷ್ಟೇ ತಾನೇ?" ಅಂತ ತುಂಬಾ ಜನ ನನ್ನನ್ನ ಕೇಳ್ತಾರೆ. ಅಷ್ಟೇ ಅಲ್ಲ.

2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟಗಳಾದವು. ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ಅದರ ಐಪಿ ವಿಳಾಸದ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಫ್ಲ್ಯಾಟ್‌ಗೆ. ಅಲ್ಲಿದ್ದ ಅಮೆರಿಕನ್ ಪ್ರಜೆಯ ಭದ್ರತೆಯಿಲ್ಲದ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ಆದರೆ ವಿಚಾರಣೆ ಎದುರಿಸಬೇಕಾಗಿ ಬಂದಿದ್ದು ಅವರು.

ಯಾಕಂದ್ರೆ ನಿಮ್ಮ ವೈಫೈಗೆ ಯಾರೇ ಸೇರಲಿ, ಹೊರಗಿನವರಿಗೆ ಕಾಣೋದು ನಿಮ್ಮ ಕನೆಕ್ಷನ್ನಿನ ವಿಳಾಸ.

ಹಾಗಾಗಿ ಇವತ್ತೇ ಹತ್ತು ನಿಮಿಷ ಕೊಡಿ. ರೂಟರ್ ಮೇಲಿನ ಸ್ಟಿಕ್ಕರ್‌ನಲ್ಲಿರುವ ವಿಳಾಸವನ್ನು, ಎಷ್ಟೋ ರೂಟರ್‌ಗಳಲ್ಲಿ ಅದು 192.168.1.1, ಫೋನಿನ ಬ್ರೌಸರ್‌ನಲ್ಲಿ ಟೈಪ್ ಮಾಡಿ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ. ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ ಪಿನ್ 8 ಅಂಕಿಯದ್ದಾದರೂ ರೂಟರ್ ಅದನ್ನು ಎರಡು ಭಾಗ ಮಾಡಿ ನೋಡುತ್ತದೆ. ಹೀಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು, ಸಿಕ್ಕಿಬಿಡುತ್ತದೆ.

ಕೊನೆಗೆ ವೈಫೈ ಪಾಸ್‌ವರ್ಡ್. ಮೊಬೈಲ್ ನಂಬರ್, ಮನೆ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಬದಲಿಸಿದ ಕೂಡಲೇ ಹಳೇದು ಗೊತ್ತಿದ್ದವರೆಲ್ಲ ಹೊರಗೆ!

ನೆಂಟರಿಗೆ, ಫ್ರೆಂಡ್ಸ್‌ಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ನಿಮ್ಮ ಲ್ಯಾಪ್‌ಟಾಪ್, ಕ್ಯಾಮೆರಾಗಳಿಂದ ಅವರು ದೂರ ಇರ್ತಾರೆ. ಆದರೆ ಅದಕ್ಕೂ ಪಾಸ್‌ವರ್ಡ್ ಇರಲಿ; ಅಲ್ಲಿಂದ ಹೋಗುವ ಇಮೇಲ್‌ನ ಜಾಡೂ ಬಂದು ನಿಲ್ಲೋದು ನಿಮ್ಮ ಮನೆ ಬಾಗಿಲಿಗೇ.